ಕೆಂಪು ಚುಕ್ಕೆಯ ಸೀಲು

ಅನುಸೂಯಮ್ಮ ತಮ್ಮ ಬಲಗೈ ಹೆಬ್ಬೆರಳಿನ ಉಗುರನ್ನು ಯಾವತ್ತೂ ಪೂರ್ತಿ ಕತ್ತರಿಸುತ್ತಿರಲಿಲ್ಲ. ಉಳಿದ ಒಂಬತ್ತೂ ಬೆರಳಿಗೆ ಸಮನಾಗಿರುತ್ತಿದ್ದವು, ಅದೊಂದು ಮಾತ್ರ ರಾಗಿಕಾಳಿನಷ್ಟು ಮುಂದೆ ಇರುತ್ತಿತ್ತು. ಆ ಉಗುರಿನಿಂದ ನಮ್ಮ ಕಾರ್ಖಾನೆ ನಾಲ್ಕು ವರ್ಷ ಹೆಸರು ಉಳಿಸಿಕೊಂಡಿತು ಎಂದರೆ ನಗುವವರಿದ್ದಾರೆ. ನಗಲಿ, ಅವರು ಪೀಣ್ಯದ ಶೆಡ್ಡುಗಳಲ್ಲಿ ದುಡಿದವರಲ್ಲ. ಆ ಉಗುರಿನ ಮೇಲೆ ಅನುಸೂಯಮ್ಮನಿಗೇ ನಂಬಿಕೆ ಹೋಗುವಂತೆ ಮಾಡಿದವನು ನಾನು, ಪಟ್ಟಾಭಿರಾಮ, ಆ ಕಾರ್ಖಾನೆಯ ಟೆಸ್ಟಿಂಗ್ ಸೂಪರ್‌ವೈಸರ್. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದೆ ನುಣುಚಿಕೊಳ್ಳಲು ನನಗೆ ದಾರಿ ಇರುವುದಿಲ್ಲ. ನನ್ನ ಸ್ವಭಾವ ನನಗೆ ಗೊತ್ತು.

ನಮ್ಮ ಯಜಮಾನರು ವೆಂಕಟಸುಬ್ಬಯ್ಯನವರು. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಹದಿನೆಂಟು ವರ್ಷ ಎಂಜಿನಿಯರಾಗಿದ್ದು, ಎಪ್ಪತ್ತೈದರಲ್ಲಿ ಅದನ್ನು ಬಿಟ್ಟು ಪೀಣ್ಯದಲ್ಲೊಂದು ಶೆಡ್ಡು ಹಿಡಿದು ಆಯಿಲ್ ಸೀಲ್ ಮಾಡಲು ಕೂತರು. ಅವರ ಮನೆಯಲ್ಲಿ ದೊಡ್ಡ ರಾದ್ಧಾಂತವೇ ಆಯಿತಂತೆ. ಕ್ವಾರ್ಟರ್ಸು, ಕ್ಯಾಂಟೀನು, ಬಾಗಿಲಿಗೆ ಬರುವ ಬಸ್ಸು ಎಲ್ಲ ಇದ್ದ ಕೆಲಸ ಬಿಟ್ಟು ರಬ್ಬರ್ ಬಳೆ ಮಾಡುತ್ತೇನೆ ಎನ್ನುವ ಗಂಡನನ್ನು ಯಾವ ಹೆಂಡತಿ ಸಹಿಸಿಯಾಳು?

ನೋಡುವುದಕ್ಕೆ ಅದು ಬಳೆಯೇ. ಹೊರಗೆ ತಗಡಿನ ಕಟ್ಟು, ಒಳಗೆ ಕರಿ ರಬ್ಬರು. ಶೆಡ್ಡಿಗೆ ಯಾರೇ ಬರಲಿ, ಯಜಮಾನರು ಒಂದು ಸೀಲನ್ನು ಕೈಗೆ ಕೊಟ್ಟು ಪಾಠ ಶುರು ಮಾಡುತ್ತಿದ್ದರು.

"ನೋಡಿ, ಗೇರ್‌ಬಾಕ್ಸಿನ ಒಳಗೆ ಎಣ್ಣೆ ಇರತ್ತೆ. ಶಾಫ್ಟು ಹೊರಗೆ ಬರಲೇಬೇಕು, ಇಲ್ಲದಿದ್ರೆ ಅದು ತಿರುಗಿ ಏನು ಬಂತು? ಶಾಫ್ಟು ಬರೋ ತೂತಿನಲ್ಲೇ ಎಣ್ಣೇನೂ ಬರತ್ತೆ. ಬಿಗಿಯಾಗಿ ಮುಚ್ಚಿದ್ರೆ ಶಾಫ್ಟು ತಿರುಗಲ್ಲ, ಮುಚ್ಚದೇ ಇದ್ರೆ ಎಣ್ಣೆ ನಿಲ್ಲಲ್ಲ. ಈ ಜಗಳ ಬಿಡಿಸೋದು ಇದರ ತುಟಿ."

ತುಟಿ ಎಂದರೆ ಬಳೆಯ ಒಳಗಡೆಯ ತೆಳು ಅಂಚು. ಅದರ ಬೆನ್ನಿಗೆ ಒಂದು ಸಣ್ಣ ಸ್ಪ್ರಿಂಗು ಸುತ್ತಿಕೊಂಡಿರುತ್ತದೆ. ಸ್ಪ್ರಿಂಗು ಅಂಚನ್ನು ಶಾಫ್ಟಿನ ಮೇಲೆ ಮೆಲ್ಲಗೆ ಒತ್ತಿ ಹಿಡಿಯುತ್ತದೆ. ಆದರೆ ರಬ್ಬರು ಶಾಫ್ಟನ್ನು ಎಣ್ಣೆಯಿಲ್ಲದೆ ಉಜ್ಜಬಾರದು. ಇವೆರಡರ ನಡುವೆ ಕೂದಲಿಗಿಂತ ತೆಳ್ಳಗಿನ ಎಣ್ಣೆಯ ಪದರ ಇರಬೇಕು. ಆ ಪದರ ಆರಿದರೆ ರಬ್ಬರು ಸುಟ್ಟು ಬಿರಿಯುತ್ತದೆ, ದಪ್ಪವಾದರೆ ಎಣ್ಣೆ ತೊಟ್ಟಿಕ್ಕುತ್ತದೆ. ಮುಟ್ಟಿಯೂ ಮುಟ್ಟದ ಹಾಗೆ ಕೂರಬೇಕಾದ ಈ ಅಂಚು ಸುತ್ತಲೂ ಒಂದೇ ಗೆರೆಯಾಗಿರಬೇಕು. ಎಲ್ಲೋ ಒಂದು ಕಡೆ ಕಣ್ಣಿಗೆ ಕಾಣದ ಕಚ್ಚು ಬಿದ್ದರೂ ಎಣ್ಣೆ ಅದನ್ನು ಹುಡುಕಿಕೊಂಡು ಬರುತ್ತದೆ.

ಆ ಗೆರೆಯನ್ನು ನಮ್ಮಲ್ಲಿ ಕೈಯಿಂದಲೇ ತೆಗೆಯುತ್ತಿದ್ದರು. ಅಚ್ಚಿನಿಂದ ಬಂದ ಸೀಲಿನ ತುದಿಯಲ್ಲಿ ಒಂದಿಷ್ಟು ರಬ್ಬರು ಹೆಚ್ಚಾಗಿ ಉಳಿದಿರುತ್ತಿತ್ತು. ಸೀಲನ್ನು ತಿರುಗುವ ಚಕ್ರಕ್ಕೆ ಸಿಕ್ಕಿಸಿ, ಅರ್ಧ ಬ್ಲೇಡನ್ನು ತಾಕಿಸಿ, ಒಂದೇ ಸುತ್ತಿಗೆ ಅದನ್ನು ತೆಗೆದುಬಿಡಬೇಕು. ಎರಡನೇ ಸಲ ತಾಕಿಸಿದರೆ ಕಚ್ಚು ಬಿತ್ತೆಂದೇ ಲೆಕ್ಕ. ನಾಲ್ಕು ಜನ ಹೆಂಗಸರು ಈ ಕೆಲಸಕ್ಕಿದ್ದರು. ಅವರಲ್ಲಿ ಹಿರಿಯರು ಅನುಸೂಯಮ್ಮ.

ಅವರದು ಪಕ್ಕದ ನೆಲಗದರನಹಳ್ಳಿ. ನಮ್ಮ ಶೆಡ್ಡು ನಿಂತಿದ್ದ ನೆಲ ಒಂದು ಕಾಲಕ್ಕೆ ಅವರದೇ ಹೊಲವಾಗಿತ್ತು. ಗೇಟಿನ ಪಕ್ಕದ ಹುಣಸೆಮರ ಆ ಹೊಲದ ಮೂಲೆಯ ಗುರುತಾಗಿ ಉಳಿದಿತ್ತು. ಗಂಡ ಆಂಜಿನಪ್ಪನಿಗೆ ಗೇಟು ಕಾಯುವ ಕೆಲಸ ಸಿಕ್ಕಿತು, ಅನುಸೂಯಮ್ಮ ಕಸ ಗುಡಿಸಲು ಬಂದರು. "ಕಳೆ ಕೀಳ್ತಿದ್ದ ಜಾಗದಾಗೇ ಕಸ ಗುಡುಸ್ತಾ ಇವ್ನಿ, ಬಗ್ಗಾದೇನ್ ತಪ್ಪಲಿಲ್ಲ" ಎಂದು ಅವರೇ ತಮಾಷೆ ಮಾಡುತ್ತಿದ್ದರು.

ಒಂದು ದಿನ ಯಜಮಾನರು ನೋಡಿದರೆ, ಈಯಮ್ಮ ಪೊರಕೆ ಬದಿಗಿಟ್ಟು, ಕಳಿಸಲು ತಯಾರಾಗಿದ್ದ ಸೀಲುಗಳ ತಟ್ಟೆಯ ಮುಂದೆ ಕೂತು ಒಂದೊಂದರ ತುಟಿಯ ಮೇಲೂ ಹೆಬ್ಬೆರಳ ಉಗುರು ಆಡಿಸುತ್ತಿದ್ದಾರೆ. ಮೂರನ್ನು ತೆಗೆದು ಬೇರೆ ಇಟ್ಟಿದ್ದರು. "ಇವು ಚುಚ್ತವೆ ಯಜಮಾನ್ರೆ" ಎಂದರು. ಯಜಮಾನರು ಲೆನ್ಸು ಹಿಡಿದು ನೋಡಿದರು. ಮೂರರಲ್ಲೂ ಕಚ್ಚು ಇತ್ತು. ಮಾರನೆಯ ದಿನ ಪೊರಕೆ ಬೇರೆಯವರ ಕೈಗೆ ಹೋಯಿತು, ಅನುಸೂಯಮ್ಮನ ಕೈಗೆ ಬ್ಲೇಡು ಬಂತು.

ಯಾರು ಯಾವ ಸೀಲು ಮಾಡಿದರು ಎಂದು ಗೊತ್ತಾಗಲಿ ಅಂತ ನಾಲ್ವರಿಗೂ ಒಂದೊಂದು ಬಣ್ಣ ಕೊಟ್ಟಿದ್ದೆವು. ಕೆಲಸ ಮುಗಿದ ಸೀಲಿನ ತಗಡಿನ ಬೆನ್ನಿಗೆ ಅವರವರ ಬಣ್ಣದ ಚುಕ್ಕೆ ಇಡಬೇಕು. ಅನುಸೂಯಮ್ಮ ಕೆಂಪು ಕೇಳಿ ತೆಗೆದುಕೊಂಡರು. ಕಡ್ಡಿಯ ತುದಿಯಿಂದ, ಹಣೆಗೆ ಕುಂಕುಮ ಇಡುವಷ್ಟೇ ನಿಗಾ ವಹಿಸಿ ಇಡುತ್ತಿದ್ದರು. ಯಾರಾದರೂ ದೊಡ್ಡವರು ಬಂದರೆ ಯಜಮಾನರು ಅವರನ್ನು ಈ ಮೂಲೆಗೇ ಕರೆತಂದು, "ಈಕೆ ಉಗುರು ನನ್ನ ಲೆನ್ಸಿಗಿಂತ ಮೇಲು" ಎನ್ನುತ್ತಿದ್ದರು. ಅನುಸೂಯಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತಲೆ ತಗ್ಗಿಸುತ್ತಿದ್ದರು. ಆ ಸಂಜೆ ಅವರು ಮನೆಗೆ ಹೋಗುವ ನಡಿಗೆಯೇ ಬೇರೆ. ಸಂಬಳ ಹೆಚ್ಚಿಸಿದ ದಿನವೂ ನಾನು ಆ ನಡಿಗೆ ನೋಡಲಿಲ್ಲ.

ನನಗೆ ಅದು ಅಷ್ಟಾಗಿ ಹಿಡಿಸುತ್ತಿರಲಿಲ್ಲ, ಸತ್ಯ ಹೇಳಬೇಕಲ್ಲ. ನಾನು ಡಿಪ್ಲೊಮಾ ಓದಿದವನು. ವಯಸ್ಸು ಇಪ್ಪತ್ತಾರು. ಟೆಸ್ಟ್ ಮಾಡುವವನು ನಾನಿರುವಾಗ ಹೊಗಳಿಕೆಯೆಲ್ಲ ಒಂದು ಉಗುರಿಗೆ ಹೋಗುವುದು ನನಗೆ ಚುಚ್ಚುತ್ತಿತ್ತು. ನನಗಿಂತ ಇಪ್ಪತ್ತು ವರ್ಷ ದೊಡ್ಡವರನ್ನು 'ನೀನು' ಎಂದೇ ಮಾತಾಡಿಸುತ್ತಿದ್ದೆ. ಈಗ ಬರೆಯುವಾಗ ಬಹುವಚನ ಬಳಸುತ್ತಿದ್ದೇನೆ. ತಡವಾಗಿ ಬಂದ ಬುದ್ಧಿ.

ಎಪ್ಪತ್ತೊಂಬತ್ತರಲ್ಲಿ ಒಂದು ದೊಡ್ಡ ಗೇರ್‌ಬಾಕ್ಸ್ ಕಂಪನಿ ನಮಗೆ ಮೊದಲ ಸಲ ಆರ್ಡರು ಕೊಟ್ಟಿತು. ಆರುನೂರು ಸೀಲು. ಅವರ ಇನ್‌ಸ್ಪೆಕ್ಟರು ಬಂದು ನೋಡಿ ಒಪ್ಪಿದರೆ ಇನ್ನು ವರ್ಷಗಟ್ಟಲೆ ಕೆಲಸ. ಯಜಮಾನರು ಬೇರೆ ಯಾರನ್ನೂ ನಂಬದೆ ಆರುನೂರನ್ನೂ ಅನುಸೂಯಮ್ಮನಿಗೇ ಕೊಟ್ಟರು. ಹಾಗಾಗಿ ಆರುನೂರರ ಬೆನ್ನಿಗೂ ಕೆಂಪು ಚುಕ್ಕೆಯೇ ಬಿತ್ತು.

ಇನ್‌ಸ್ಪೆಕ್ಟರು ಬರುವ ಮೊದಲು ನಾನೂ ಏನಾದರೂ ಮಾಡಿ ತೋರಿಸಬೇಕು ಅನ್ನಿಸಿತು. ನನ್ನ ಸುಪರ್ದಿಯಲ್ಲಿದ್ದದ್ದು ಟೆಸ್ಟಿಂಗ್ ಮಿಷನ್ನು. ಒಂದು ಎಣ್ಣೆಯ ಡಬ್ಬ, ಅದರ ಗೋಡೆಯ ತೂತಿಗೆ ಸೀಲು, ಸೀಲಿನ ಮೂಲಕ ಹೊರಬರುವ ಶಾಫ್ಟು, ಅದನ್ನು ತಿರುಗಿಸಲು ಮೋಟಾರು. ಶಾಫ್ಟಿನ ಕೆಳಗೆ ಒಂದು ಬಿಳಿ ಕಾಗದ ಹಾಸಿ ಇಡೀ ಪಾಳಿ ಓಡಿಸುವುದು. ಕಾಗದ ಒಣಗಿದ್ದರೆ ಸೀಲು ಪಾಸು, ಒಂದು ತೊಟ್ಟು ಬಿದ್ದರೂ ಫೇಲು. ಆ ಶಾಫ್ಟು ಸ್ವಲ್ಪ ಮಂಕಾಗಿತ್ತು. ಅದನ್ನು ತಿರುಗಲು ಬಿಟ್ಟು, ಒರಟಾದ ಎಮರಿ ಕಾಗದ ಹಿಡಿದು, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸರಿಸುತ್ತಾ ಉಜ್ಜಿದೆ. ಮುಖ ಕಾಣುವಷ್ಟು ಹೊಳೆಯಿತು. ನನ್ನ ಮುಖವನ್ನೇ ಅದರಲ್ಲಿ ನೋಡಿಕೊಂಡೆ.

ಮಾರನೆಯ ದಿನ ಆರುನೂರರಲ್ಲಿ ಹತ್ತು ಸೀಲು ಆರಿಸಿ ಟೆಸ್ಟಿಗೆ ಹಾಕಲು ಶುರು ಮಾಡಿದೆ. ಮೊದಲನೆಯದು ಸೋರಿತು. ಎರಡನೆಯದೂ ಸೋರಿತು. ವಾರ ಮುಗಿಯುವ ಹೊತ್ತಿಗೆ ಹತ್ತಕ್ಕೆ ಹತ್ತೂ ಸೋರಿದವು. ಹತ್ತು ಕಾಗದದ ಮೇಲೂ ಎಣ್ಣೆ ಹರಡಿತ್ತು, ಹತ್ತು ಸೀಲಿನ ಬೆನ್ನಲ್ಲೂ ಕೆಂಪು ಚುಕ್ಕೆ ಇತ್ತು. ಯಜಮಾನರ ಮುಖ ಬಿಳಿಚಿಕೊಂಡಿತು. ಅನುಸೂಯಮ್ಮನನ್ನು ಕರೆಸಿದರು.

ಅವರು ಬಂದವರೇ ಹತ್ತೂ ಸೀಲುಗಳ ಮೇಲೆ ಉಗುರು ಆಡಿಸಿದರು. ಎಲ್ಲವನ್ನೂ ಎರಡೆರಡು ಸಲ ನೋಡಿದರು.

"ಎಲ್ಲೂ ಚುಚ್ತಾ ಇಲ್ಲ ಯಜಮಾನ್ರೆ."

"ಮತ್ತೆ ಎಣ್ಣೆ ಎಲ್ಲಿಂದ ಬಂತು ಅನುಸೂಯಮ್ಮ? ಕಾಗದ ಸುಳ್ಳು ಹೇಳತ್ತಾ?"

ಅವರು ನನ್ನ ಮಿಷನ್ನಿನ ಹತ್ತಿರ ಹೋದರು. ನಿಂತಿದ್ದ ಶಾಫ್ಟಿನ ಉದ್ದಕ್ಕೂ ಉಗುರು ಎಳೆದರು. ಮತ್ತೊಮ್ಮೆ ಎಳೆದರು. ಆಮೇಲೆ ನನ್ನ ಕಡೆ ತಿರುಗಿ, ತಪ್ಪು ತಮ್ಮದೇ ಅನ್ನುವಂಥ ದನಿಯಲ್ಲಿ ಹೇಳಿದರು. "ಸಾರ್, ಇದ್ರಾಗೆ ಗೀರೈತೆ. ಎಣ್ಣೆ ಮಿಲ್ಲಿನ ಸ್ಕ್ರೂ ಇರ್ತದಲ್ಲ, ಅಂಗೆ ಸುತ್ಕಂಡು ಓಗೈತೆ. ತಿರುಗ್ದಾಗ ಅದೇ ಎಣ್ಣೆ ತಳ್ತದೇನೋ. ಒಂದ್ಸಲ ಉಲ್ಟಾ ತಿರುಗ್ಸಿ ನೋಡಿ ಸಾರ್."

ಯಜಮಾನರು ನನ್ನ ಮುಖ ನೋಡಿದರು. ಅದು ನಾನು ಒಂದು ಮಧ್ಯಾಹ್ನವಿಡೀ ಉಜ್ಜಿ ಹೊಳೆಸಿದ ಶಾಫ್ಟು. ಬೆರಳಿನ ಮೆತ್ತನೆಯ ತುದಿಯಿಂದ ಹಾಗೇ ಒಮ್ಮೆ ಸವರಿ, "ಏನೂ ಇಲ್ಲ ಸಾರ್, ಕನ್ನಡಿ ಹಾಗಿದೆ" ಎಂದೆ. ಅನುಸೂಯಮ್ಮನಿಗೆ, "ನಿನಗೇನಮ್ಮ ಗೊತ್ತು ಶಾಫ್ಟಿನ ವಿಷಯ? ನಿನ್ನ ಕೆಲಸ ನೋಡ್ಕೋ" ಎಂದೆ. ಉಲ್ಟಾ ತಿರುಗಿಸುವುದಕ್ಕೆ ಮೋಟಾರಿನ ಎರಡು ವೈರು ಅದಲುಬದಲು ಮಾಡಿದ್ದರೆ ಸಾಕಿತ್ತು. ಐದು ನಿಮಿಷದ ಕೆಲಸ. ಕಸ ಗುಡಿಸಲು ಬಂದವರು ಹೇಳಿದರು ಅಂತ ನಾನು ವೈರು ಬಿಚ್ಚಬೇಕೇ ಅನ್ನಿಸಿತು.

ಯಜಮಾನರು ಕಾಗದವನ್ನೇ ನಂಬಿದರು, ಲೆನ್ಸು ತೆಗೆಯಲಿಲ್ಲ. ಗದರಲೂ ಇಲ್ಲ. ಗದರಿದ್ದರೇ ಚೆನ್ನಾಗಿತ್ತು. ಬಹಳ ಮೆಲ್ಲಗೆ ಹೇಳಿದರು. "ವಯಸ್ಸಾಗತ್ತೆ ಅನುಸೂಯಮ್ಮ. ಕೈ ಮೊದಲಿನ ಹಾಗೆ ಇರಲ್ಲ, ಯಾರಿಗೂ ಇರಲ್ಲ. ಇದ್ದದ್ದು ಕಾಣ್ತಿಲ್ಲ, ಇಲ್ಲದ್ದು ಕಾಣ್ತಿದೆ ನಿನಗೆ. ಪ್ಯಾಕಿಂಗಿಗೆ ಕೂತ್ಕೋ. ಸಂಬಳ ಅಷ್ಟೇ ಇರತ್ತೆ."

ಆರುನೂರು ಸೀಲನ್ನೂ ಕತ್ತರಿಸಿ ಕಸಕ್ಕೆ ಹಾಕಿ ಅಂದರು. ಸೋರುವ ಮಾಲು ಯಾರದೋ ಕೈಗೆ ಸಿಕ್ಕಿ ಮಾರುಕಟ್ಟೆಗೆ ಹೋಗಬಾರದೆಂದು ಪೀಣ್ಯದಲ್ಲಿ ಹಾಗೆ ಮಾಡುವ ರೂಢಿ. ಪ್ಯಾಕಿಂಗಿನ ಮೂಲೆಯಲ್ಲಿ ಕೂತ ಅನುಸೂಯಮ್ಮನ ಕಣ್ಣೆದುರಿಗೇ ಅವರ ಮೂರು ವಾರದ ಕೆಲಸವನ್ನು ಕತ್ತರಿಸಿದರು. ಅವರು ನಾಲ್ಕು ದಿನ ಬಂದು ಡಬ್ಬಗಳಿಗೆ ಚೀಟಿ ಅಂಟಿಸಿದರು. ಐದನೆಯ ದಿನ ಬರಲಿಲ್ಲ. ಆಂಜಿನಪ್ಪನನ್ನು ಕೇಳಿದರೆ, "ಬರಲ್ವಂತೆ ಸಾರ್" ಎಂದಷ್ಟೇ ಹೇಳಿ ಗೇಟಿನ ಕಡೆ ತಿರುಗಿದ.

ಹೊಸ ಸೀಲುಗಳನ್ನು ಭಾನುಮತಿ ಅನ್ನುವ ಇನ್ನೊಬ್ಬ ಹುಡುಗಿ ಮಾಡಿದಳು. ಅವಳ ಚುಕ್ಕೆ ಹಸಿರು. ಮೊದಲ ಸೀಲನ್ನು ಟೆಸ್ಟಿಗೆ ಹಾಕಿದೆ. ಮಧ್ಯಾಹ್ನದೊಳಗೆ ಕಾಗದದ ಮೇಲೆ ತೊಟ್ಟು ಬಿತ್ತು. ಯಜಮಾನರು ಬ್ಯಾಂಕಿಗೆ ಹೋಗಿದ್ದರು, ಉಳಿದವರೆಲ್ಲ ಊಟಕ್ಕೆ ಕೂತಿದ್ದರು. ನಾನು ಆ ತೊಟ್ಟನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಮೋಟಾರಿನ ಎರಡು ವೈರು ಬಿಚ್ಚಿ ಅದಲುಬದಲು ಮಾಡಿದೆ. ಶಾಫ್ಟು ಉಲ್ಟಾ ತಿರುಗತೊಡಗಿತು. ಹೊಸ ಕಾಗದ ಹಾಸಿದೆ. ಎಲ್ಲರೂ ಊಟ ಮುಗಿಸಿ ಬಂದರೂ, ಸಂಜೆಯ ಸೈರನ್ನು ಕೂಗಿದರೂ, ಕಾಗದ ಒಣಗೇ ಇತ್ತು.

ಲೆನ್ಸಿನಲ್ಲಿ ನೋಡಿದೆ. ಎಮರಿಯನ್ನು ಒಂದೇ ಕಡೆ ಹಿಡಿದು ಉಜ್ಜದೆ, ಸರಿಸುತ್ತಾ ಉಜ್ಜಿದ್ದೆನಲ್ಲ, ತಿರುಗುವ ಶಾಫ್ಟಿನ ಮೇಲೆ ಅದು ನೂಲಿಗಿಂತ ಸಣ್ಣ ಗೀರು ಸುತ್ತಿಕೊಂಡು ಹೋಗಿತ್ತು. ಸ್ಕ್ರೂವಿನ ಹಾಗೆಯೇ. ಎಂಥ ಒಳ್ಳೆಯ ಸೀಲು ಹಾಕಿದರೂ ಆ ಗೀರು ಎಣ್ಣೆಯನ್ನು ತುಟಿಯ ಅಡಿಯಿಂದ ಹೊರಗೆ ತಳ್ಳುತ್ತಿತ್ತು, ಉಲ್ಟಾ ತಿರುಗಿದಾಗ ಒಳಕ್ಕೇ ಎಳೆದುಕೊಳ್ಳುತ್ತಿತ್ತು. ಅನುಸೂಯಮ್ಮನ ಉಗುರಿಗೆ ಒಂದೇ ಸಲಕ್ಕೆ ಸಿಕ್ಕಿದ್ದು ನನಗೆ ಲೆನ್ಸಿನಲ್ಲಿ, ಮೂರು ವಾರದ ಮೇಲೆ ಸಿಕ್ಕಿತು.

ಆ ಸಂಜೆ ನಾನು ಯಜಮಾನರ ಮುಂದೆ ಹೋಗಿ ಹೇಳಬೇಕಿತ್ತು. ಅಲ್ಲಿಂದ ನೆಲಗದರನಹಳ್ಳಿಗೆ ನಡೆದುಹೋಗಿ ಕರೆದುಕೊಂಡು ಬರಬೇಕಿತ್ತು. ನಾನು ಮಾಡಿದ್ದು ಇಷ್ಟು. ಪಕ್ಕದ ಶೆಡ್ಡಿನಲ್ಲಿ ಹೊಸ ಶಾಫ್ಟು ಮಾಡಿಸಿದೆ, ಮಿಷನ್ನಿಗೆ ಹಾಕಿದೆ, ರಿಜಿಸ್ಟರಿನಲ್ಲಿ 'ಶಾಫ್ಟ್ ಸವೆದಿತ್ತು, ಬದಲಾಯಿಸಲಾಗಿದೆ' ಎಂದು ಬರೆದೆ. ಹಸಿರು ಚುಕ್ಕೆಯ ಸೀಲುಗಳೆಲ್ಲ ಪಾಸಾದವು. ಇನ್‌ಸ್ಪೆಕ್ಟರು ಮೆಚ್ಚಿಕೊಂಡು ಹೋದರು. ಯಜಮಾನರು ನನ್ನ ಹೆಗಲ ಮೇಲೆ ಕೈ ಹಾಕಿ, "ಪಾಪ, ಆಕೆ ಕೈ ಹೋಗಿತ್ತು ಕಣಯ್ಯ. ನನಗೇ ಕಾಣಲಿಲ್ಲ ನೋಡು" ಎಂದರು. ನಾನು ಹೌದು ಸಾರ್ ಎಂದೆ.

ಒಂದು ಸಲ ಹೌದು ಎಂದ ಮೇಲೆ ಅದು ದಿನದಿನಕ್ಕೂ ಗಟ್ಟಿಯಾಗುತ್ತಾ ಹೋಗುತ್ತದೆ. ಇವತ್ತು ಬೇಡ, ಆರ್ಡರು ಮುಗಿಯಲಿ ಅಂದುಕೊಂಡೆ. ಆಮೇಲೆ ನನ್ನ ಮದುವೆ ಮುಗಿಯಲಿ ಅಂದುಕೊಂಡೆ. ಎಂಬತ್ತೆರಡರಲ್ಲಿ ಮ್ಯಾನೇಜರ್ ಮಾಡಿದರು, ಇನ್ನು ಹೇಳುವುದಾದರೂ ಹೇಗೆ ಅಂದುಕೊಂಡೆ. ಯಜಮಾನರು ಆಗಾಗ ಹುಣಸೆಮರದ ಕಡೆ ನೋಡಿ, "ಅನುಸೂಯಮ್ಮ ಹೇಗಿದಾಳೋ" ಎನ್ನುತ್ತಿದ್ದರು. ನಾನು ಫೈಲು ತಿರುವುತ್ತಿದ್ದೆ.

ಎಂಬತ್ತೇಳರ ಜನವರಿಯಲ್ಲಿ ಯಜಮಾನರು ತೀರಿಕೊಂಡರು. ಹೃದಯಾಘಾತ, ಶೆಡ್ಡಿನಲ್ಲೇ. ಅದಾಗಿ ಒಂದು ತಿಂಗಳಿಗೆ, ಒಂದು ಭಾನುವಾರ ಬೆಳಿಗ್ಗೆ, ನಾನು ನೆಲಗದರನಹಳ್ಳಿಗೆ ಹೋದೆ. ಮನಸ್ಸು ತಡೆಯದೆ ಹೋದೆ ಎಂದುಕೊಂಡಿದ್ದೆ.

ಅನುಸೂಯಮ್ಮನ ಮನೆಯ ಹಿಂದೆ ಈಗ ಸಾಲಾಗಿ ಬಾಡಿಗೆ ರೂಮುಗಳು ಎದ್ದಿದ್ದವು. ಕಾರ್ಖಾನೆಗಳ ಹುಡುಗರು ಬಟ್ಟೆ ಒಗೆದು ಹರವುತ್ತಿದ್ದರು. ಅನುಸೂಯಮ್ಮ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೂದಲು ಪೂರ್ತಿ ನೆರೆತಿತ್ತು. "ಬನ್ನಿ ಸಾರ್" ಎಂದು ಚಾಪೆ ಹಾಸಿದರು. ಕಾಯಿ ಸುಲಿಯುವ ಕೈ ನೋಡಿದೆ. ಹೆಬ್ಬೆರಳಿನ ಉಗುರನ್ನೂ ಉಳಿದವುಗಳ ಸಮಕ್ಕೇ ಕತ್ತರಿಸಿದ್ದರು.

ನಾನು ಬಾಯಿ ತೆರೆಯುವ ಮೊದಲೇ ಅವರು ಎದ್ದು ಒಳಗೆ ಹೋಗಿ, ಒಂದು ಹಳೆಯ ಎಲೆಯಡಿಕೆ ಡಬ್ಬ ತಂದರು. ಅದರೊಳಗಿಂದ ಒಂದು ಸೀಲು ತೆಗೆದು ನನ್ನ ಅಂಗೈಯಲ್ಲಿಟ್ಟರು. ತಗಡು ಅಲ್ಲಲ್ಲಿ ತುಕ್ಕು ಹಿಡಿದಿತ್ತು, ಬೆನ್ನಲ್ಲಿ ಕೆಂಪು ಚುಕ್ಕೆ ಇನ್ನೂ ಇತ್ತು.

"ಅವತ್ತು ಕತ್ರುಸ್ತಿದ್ರಲ್ಲ, ಅದ್ರಾಗೆ ಒಂದು ಸೆರಗಿಗೆ ಕಟ್ಕಂಡ್ ಬಂದ್ಬುಟ್ಟೆ. ಕದ್ದಿದ್ದೇ ಅನ್ಕಳಿ. ಎಂಟು ವರ್ಷದಿಂದ ಉಡುಕ್ತಾ ಇವ್ನಿ ಸಾರ್, ಕಚ್ಚು ಸಿಗ್ತಾ ಇಲ್ಲ. ಎಲ್ಲೈತೆ ಒಸಿ ತೋರ್ಸಿ."

"ಎಲ್ಲೂ ಇಲ್ಲ ಅನುಸೂಯಮ್ಮ" ಎಂದೆ. "ಸೀಲು ಸರಿಯಾಗೇ ಇತ್ತು. ಆರುನೂರೂ ಸರಿಯಾಗೇ ಇದ್ದವು. ಶಾಫ್ಟಿನಲ್ಲಿ ನೀವು ಹೇಳಿದ ಹಾಗೇ ಗೀರಿತ್ತು. ಅದು ನಾನು ಉಜ್ಜಿ ಮಾಡಿದ್ದು."

ಅವರು ಡಬ್ಬ ಬದಿಗಿಟ್ಟರು. ತಮ್ಮ ಹೆಬ್ಬೆರಳನ್ನೇ ನೋಡಿಕೊಂಡು ಕೂತಿದ್ದರು.

"ಗೀರೈತೆ ಅಂದೆ, ಇಲ್ಲ ಅಂದ್ರಿ. ಕಚ್ಚಿಲ್ಲ ಅಂದೆ, ಐತೆ ಅಂದ್ರಿ. ನನ್ನ ಬೆರಳೇ ನಂಗೆ ಸುಳ್ಳು ಏಳ್ತೈತೆ ಅನ್ಕಂಡೆ ಸಾರ್. ಆಮ್ಯಾಕೆ ಅಕ್ಕಿ ಆರ್ಸಕ್ಕೂ ಭಯ ಆಗೋದು. ಸೊಸೇನೇ ಆರುಸ್ತಾಳೆ." ತಲೆಯೆತ್ತಿ ಕೇಳಿದರು. "ಯಾವಾಗ ಗೊತ್ತಾಯ್ತು ನಿಮ್ಗೆ?"

"ನೀವು ಬಿಟ್ಟ ಮೇಲೆ. ಎರಡು ವಾರಕ್ಕೆ."

"ಯಜಮಾನ್ರಿಗೆ?"

"ಹೇಳಲಿಲ್ಲ. ಅವರು ಹೋದ ತಿಂಗಳು..."

"ಗೊತ್ತು. ನಾನೂ ಬಂದಿದ್ದೆ. ಉಣಸೆಮರದ ತಾವ ನಿಂತಿದ್ದೆ. ನೀವು ನೋಡ್ಲಿಲ್ಲ."

ನನ್ನ ಅಂಗೈಯಿಂದ ಸೀಲನ್ನು ತೆಗೆದುಕೊಂಡು ಡಬ್ಬಕ್ಕೆ ಹಾಕಿ ಮುಚ್ಚಳ ಮುಚ್ಚಿದರು. ನಾನು ಕ್ಷಮಿಸಿ ಎಂದೆ. 

"ಸಂಬಳಕ್ಕೇನ್ ನಾನು ಅಳ್ಲಿಲ್ಲ ಸಾರ್. ನಾಲ್ಕು ಜನದ ಮುಂದೆ ನನ್ನ ಕೈ ಇಡ್ದು ತೋರುಸ್ತಿದ್ರು ಅವ್ರು. ಅವ್ರಿಗೊಂದು ಗೊತ್ತಾಗ್ಬೇಕಿತ್ತು." ಅವರೆಕಾಯಿಯ ಮೊರ ಮತ್ತೆ ಹತ್ತಿರ ಎಳೆದುಕೊಂಡರು. "ಅವ್ರು ತೀರ್ಕಂಡ ಮ್ಯಾಲೆ ಬಂದ್ರಲ್ಲ ನೀವು."

ಸೊಸೆ ಕಾಫಿ ತಂದಳು, ಕುಡಿದೆ. ಹೊರಗೆ ಬಂದು ಬಸ್ ಸ್ಟಾಪಿನವರೆಗೆ ನಡೆದೆ. ಯಜಮಾನರು ಇದ್ದಾಗ ಹೇಳಿದ್ದರೆ ನನ್ನ ಕೆಲಸ ಹೋಗುತ್ತಿತ್ತೋ ಉಳಿಯುತ್ತಿತ್ತೋ ಗೊತ್ತಿಲ್ಲ. ಈಗ ಹೇಳಿದ್ದರಿಂದ ನನಗೆ ಏನೂ ಹೋಗಲಿಲ್ಲ. ಏನೂ ಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ನಾನು ಹೋದದ್ದು. ಅದು ಬಸ್ಸಿಗೆ ಕಾಯುತ್ತಾ ನಿಂತಾಗ ನನಗೆ ಗೊತ್ತಾಯಿತು, ಅನುಸೂಯಮ್ಮನಿಗೆ ಜಗುಲಿಯ ಮೇಲೇ ಗೊತ್ತಾಗಿತ್ತು.